ಯುದ್ಧದಲ್ಲಿ ಸೈನ್ಯ ಜನರ ಮೇಲೆ ಮಾಡಿದ ಅಪರಾಧ ಇತಿಹಾಸಕಾರರಿಗೆ ಗೊತ್ತಾಗುವುದು ಹೇಗೆ?

ನೀವು ಕೇಳಿದ್ದು ಇಷ್ಟು: "ಯುದ್ಧ ಅಂದಮೇಲೆ ಸೈನಿಕರು ಊರವರನ್ನು ಕೊಲ್ಲುವುದು, ದೋಚುವುದು, ಹೆಂಗಸರ ಮೇಲೆ ಬೀಳುವುದು ಎಲ್ಲ ಕಾಲದಲ್ಲೂ ಇತ್ತು. ಆದರೆ ಯಾವ ಸೈನ್ಯ ತಾನು ಮಾಡಿದ ಪಾಪವನ್ನು ಬರೆದಿಡುತ್ತದೆ? ಮತ್ತೆ ಇತಿಹಾಸಕಾರರು ಇಷ್ಟು ಜನ ಸತ್ತರು, ಹೀಗೇ ನಡೆಯಿತು ಅಂತ ಹೇಗೆ ಹೇಳುತ್ತಾರೆ?"

ನಾನು ದಾವಣಗೆರೆಯವಳು. ಹದಿನಾರು ವರ್ಷದಿಂದ ಚಿತ್ರದುರ್ಗದಲ್ಲಿ ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುತ್ತಿದ್ದೇನೆ. ಯುದ್ಧಾಪರಾಧ ನನ್ನ ಸಂಶೋಧನೆಯ ವಿಷಯವೇನಲ್ಲ. ಆದರೆ ಕೋಟೆ ಇರುವ ಊರಲ್ಲಿ ಪಾಠ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೆಲವು ವರ್ಷದ ಹಿಂದೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಓಬವ್ವನ ಕಿಂಡಿಯ ಹತ್ತಿರ ನಿಂತು, 1779ರಲ್ಲಿ ಹೈದರಾಲಿ ದುರ್ಗ ಗೆದ್ದ ಮೇಲೆ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಅಂತ ಎಂದಿನ ಹಾಗೆ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಯಾರು ಎಣಿಸಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಾರು ವರ್ಷ ಅದೇ ಅಂಕಿಯನ್ನು ಸುಮ್ನೆ ಒಪ್ಪಿಸುತ್ತಾ ಬಂದಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪ್ರಶ್ನೆಯಲ್ಲಿರುವ ಒಂದು ತಪ್ಪು ಎಣಿಕೆ ಸರಿಮಾಡಬೇಕು.

ಸೈನ್ಯ ಬರೆದಿಡುವುದಿಲ್ಲ ಅಂದಿರಲ್ಲ, ನಿಜ ಅಂದರೆ ಸೈನ್ಯದಷ್ಟು ಬರೆಯುವವರು ಬೇರೆ ಯಾರೂ ಇಲ್ಲ. ಎಷ್ಟು ಗುಂಡು ಕೊಟ್ಟಿದ್ದು, ಎಷ್ಟು ವಾಪಸ್ ಬಂದದ್ದು, ಯಾವ ತುಕಡಿ ಯಾವ ರಾತ್ರಿ ಎಲ್ಲಿ ತಂಗಿತ್ತು, ಯಾರಿಗೆ ರಜೆ, ಯಾರಿಗೆ ಛಡಿ ಏಟು, ಎಲ್ಲಕ್ಕೂ ಕಾಗದ. ಅಪರಾಧವನ್ನು ಅಪರಾಧ ಅಂತ ಬರೆಯುವುದಿಲ್ಲ, ಅಷ್ಟೇ. ಗೆಲುವು ಅಂತಲೋ ಖರ್ಚು ಅಂತಲೋ ಬರೆದಿರುತ್ತಾರೆ. ಬ್ಯಾಂಕ್ ಆಡಿಟರ್ ಲೆಕ್ಕದ ಪುಸ್ತಕ ಓದುತ್ತಾನಲ್ಲ, ಇತಿಹಾಸಕಾರ ಅದನ್ನು ಹಾಗೆ ಓದಬೇಕು.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಎಂಬ ಹಳ್ಳಿಗೆ ಅಮೆರಿಕದ ಒಂದು ತುಕಡಿ ನುಗ್ಗಿತು. ಸೈನ್ಯ ಹೊರಗೆ ಕೊಟ್ಟ ವರದಿ ಇದು: ಶತ್ರುಗಳು ಸತ್ತದ್ದು 128, ವಶಪಡಿಸಿಕೊಂಡ ಆಯುಧ 3. ಒಂದು ನಿಮಿಷ ಈ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮೂರ ಸೊಸೈಟಿಯಲ್ಲಿ 128 ಜನಕ್ಕೆ ಸಾಲ ಕೊಟ್ಟು, ರುಜು ಮಾತ್ರ 3 ಇದ್ದರೆ? 128 ಜನ ಹೋರಾಟಗಾರರ ಹತ್ತಿರ ಮೂರೇ ಆಯುಧ ಇತ್ತಾ? ಸುಳ್ಳು ಆ ವರದಿಯ ಹೊಟ್ಟೆಯಲ್ಲೇ ಇತ್ತು. ಓದುವ ಕಣ್ಣು ಬೇಕಿತ್ತು ಅಷ್ಟೇ.

ಆಮೇಲೆ ಉಳಿದದ್ದು ಒಂದೊಂದಾಗಿ ಬಿಚ್ಚಿಕೊಂಡಿತು. ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಪೈಲಟ್ ಅವತ್ತೇ ಸೈನಿಕರಿಗೂ ಹಳ್ಳಿಯವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದ್ದ, ಮೇಲಿನವರಿಗೆ ದೂರನ್ನೂ ಕೊಟ್ಟಿದ್ದ. ರಾನ್ ಹೇಬರ್ಲ್ ಎಂಬ ಸೈನ್ಯದ ಫೋಟೋಗ್ರಾಫರ್ ಹತ್ತಿರ ಎರಡು ಬಗೆಯ ಕ್ಯಾಮೆರಾ ಇತ್ತು. ಸೈನ್ಯದ ಕ್ಯಾಮೆರಾದ ಕಪ್ಪು-ಬಿಳುಪು ಚಿತ್ರಗಳು ಸೈನ್ಯಕ್ಕೆ ಹೋದವು. ಸ್ವಂತ ಕ್ಯಾಮೆರಾದಲ್ಲಿ ತೆಗೆದ ಬಣ್ಣದ ಚಿತ್ರಗಳು ಅವನ ಹತ್ತಿರವೇ ಉಳಿದವು. 1969ರ ನವೆಂಬರ್‌ನಲ್ಲಿ ಜಗತ್ತು ನೋಡಿದ್ದು ಆ ಬಣ್ಣದ ಚಿತ್ರಗಳನ್ನು. ಸೈನ್ಯದ್ದೇ ತನಿಖೆ 347 ಜನ ಸತ್ತರು ಅಂತ ಎಣಿಸಿತು. ವಿಯೆಟ್ನಾಮ್ ಕಡೆಯ ಲೆಕ್ಕ 504. ಶಿಕ್ಷೆ ಆಗಿದ್ದು ಮಾತ್ರ ಒಬ್ಬನಿಗೆ, ವಿಲಿಯಂ ಕ್ಯಾಲಿ ಎಂಬ ಲೆಫ್ಟಿನೆಂಟ್‌ಗೆ, 1971ರಲ್ಲಿ.

ನಮ್ಮ ಕಡೆಯದ್ದೇ ಹೇಳಲಾ? 1799ರ ಮೇ 4ರಂದು ಇಂಗ್ಲಿಷರು ಶ್ರೀರಂಗಪಟ್ಟಣ ಹಿಡಿದರು. ಆ ರಾತ್ರಿ ಊರಲ್ಲಿ ಏನಾಯಿತು ಅಂತ ತಿಳಿಯಲು ಟಿಪ್ಪುವಿನ ಕಡೆಯವರ ಗೋಳು ಹುಡುಕಬೇಕಾಗಿಲ್ಲ. ಮರುದಿನ ಊರಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತನ್ನ ಅಣ್ಣನಿಗೆ ಬರೆದ ಪತ್ರವೇ ಇದೆ. ಲೂಟಿಯಾಗದ ಮನೆ ಇಲ್ಲವೆನ್ನುವಷ್ಟು ಕಡಿಮೆ, ದಂಡಿನ ಬಜಾರಿನಲ್ಲಿ ಸೈನಿಕರೇ ಒಡವೆ, ಚಿನ್ನದ ಗಟ್ಟಿ ಮಾರುತ್ತಿದ್ದಾರೆ, ಗಲ್ಲಿಗೇರಿಸಿ, ಛಡಿ ಹೊಡೆಸಿ ಹತೋಟಿಗೆ ತಂದೆ ಅಂತ ಬರೆದಿದ್ದಾನೆ. ಅವನು ತಪ್ಪೊಪ್ಪಿಗೆ ಬರೆಯಲಿಲ್ಲ. ತಾನೆಷ್ಟು ಸಮರ್ಥ ಅಂತ ತೋರಿಸಿಕೊಳ್ಳಲು ಬರೆದ. ಇತಿಹಾಸಕಾರರಿಗೆ ಇಂಥ ಕಾಗದವೇ ಚಿನ್ನ. ಬರೆದವನ ಉದ್ದೇಶ ಬೇರೆ, ಅದರಲ್ಲಿ ನಮಗೆ ಸಿಗುವುದು ಬೇರೆ.

ಇದಕ್ಕಿಂತ ವಿಚಿತ್ರವಾದದ್ದೂ ಇದೆ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರ ಕೋಣೆಗಳಲ್ಲಿ ಬ್ರಿಟಿಷರು, ಅಮೆರಿಕನ್ನರು ಗುಟ್ಟಾಗಿ ಮೈಕ್ ಇಟ್ಟಿದ್ದರು. ಅವರಿಗೆ ಬೇಕಿದ್ದದ್ದು ಯುದ್ಧದ ಗುಟ್ಟುಗಳು. ಆದರೆ ಸೆರೆಯಾಳುಗಳು ತಮ್ಮತಮ್ಮಲ್ಲಿ ಎಲ್ಲವನ್ನೂ ಮಾತಾಡಿಕೊಂಡರು. ಹಳ್ಳಿ ಸುಟ್ಟದ್ದು, ಜನರನ್ನು ಗುಂಡಿಟ್ಟದ್ದು, ಕೆಲವೊಮ್ಮೆ ನಗುತ್ತಾ. 2001ರಲ್ಲಿ ಜರ್ಮನ್ ಇತಿಹಾಸಕಾರ ಸೋಂಕೆ ನೈಟ್ಜೆಲ್ ಲಂಡನ್ನಿನ ದಾಖಲೆ ಭಂಡಾರದಲ್ಲಿ ಆ ಮಾತುಗಳ ಬರಹರೂಪದ ಕಟ್ಟುಗಳನ್ನು ಬಿಚ್ಚಿದರು. ಕೋರ್ಟಿನಲ್ಲಿ ಎಲ್ಲರೂ "ನಂಗೊತ್ತಿಲ್ಲ" ಅಂದಿರುತ್ತಾರೆ. ಗೆಳೆಯನ ಹತ್ತಿರ ಯಾರು ಹಾಗೆ ಅನ್ನುತ್ತಾರೆ?

ಕಾಗದ ಸುಡುವುದೂ ಉಂಟು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಗುವ ಹೊತ್ತಿಗೆ ಕಚೇರಿಗಳಲ್ಲಿ ದಾಖಲೆಗಳಿಗೆ ಬೆಂಕಿ ಬಿತ್ತು. ಆದರೂ 1992ರಲ್ಲಿ ಯೋಶಿಮಿ ಯೋಶಿಯಾಕಿ ಎಂಬ ಇತಿಹಾಸಕಾರರಿಗೆ ಜಪಾನಿನ ರಕ್ಷಣಾ ಸಂಸ್ಥೆಯ ಗ್ರಂಥಾಲಯದಲ್ಲೇ ಕಾಗದಗಳು ಸಿಕ್ಕವು. ಸೈನಿಕರಿಗಾಗಿ ಹೆಂಗಸರನ್ನು ಇಟ್ಟ ಮನೆಗಳನ್ನು ನಡೆಸಿದ್ದರಲ್ಲಿ ಸೈನ್ಯದ ಕೈ ಇತ್ತು ಅನ್ನುವುದು ಅದರಲ್ಲಿತ್ತು. ಸರ್ಕಾರ ಅಲ್ಲಿಯವರೆಗೂ ತನಗೆ ಸಂಬಂಧವಿಲ್ಲ ಅನ್ನುತ್ತಿತ್ತು. ಅವರು ಹುಡುಕಲು ಹೋಗಲು ಕಾರಣ ಅದರ ಹಿಂದಿನ ವರ್ಷ ಕೊರಿಯಾದ ಕಿಮ್ ಹಾಕ್-ಸುನ್ ಎಂಬ ಅಜ್ಜಿ ತನ್ನನ್ನೂ ಅಂಥ ಮನೆಯಲ್ಲಿ ಇಟ್ಟಿದ್ದರು ಅಂತ ಹೆಸರು ಹೇಳಿಕೊಂಡು ಎಲ್ಲರ ಮುಂದೆ ಬಾಯಿಬಿಟ್ಟದ್ದು. ಇದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ಬಾಯಿಮಾತು ದುರ್ಬಲ, ಕಾಗದ ಗಟ್ಟಿ ಅಂತ ನಮಗೆ ಕಲಿಸಿದ್ದಾರೆ. ಆದರೆ ಎಷ್ಟೋ ಸಲ ಯಾವ ಬೀರು ತೆಗೆಯಬೇಕು ಅಂತ ತೋರಿಸುವುದೇ ಬಾಯಿಮಾತು.

ಹೆಂಗಸರ ಮೇಲಿನ ದೌರ್ಜನ್ಯಕ್ಕಂತೂ ಸಾಕ್ಷಿ ಸಿಗುವುದು ಬಹಳ ಕಷ್ಟ. ಸೈನ್ಯವೂ ಬರೆಯುವುದಿಲ್ಲ, ಮನೆಯವರೂ ಹೇಳುವುದಿಲ್ಲ. ಆದರೂ ನಮ್ಮ ಭಾಷೆಯಲ್ಲಿ ಒಂದು ಗುರುತು ಉಳಿದಿದೆ ನೋಡಿ. ಹಳೆಯ ವೀರಗಲ್ಲುಗಳಲ್ಲಿ ವೀರ ಯಾಕೆ ಸತ್ತ ಅಂತ ಬರೆದಿರುತ್ತದೆ. ತುರುಗೋಳ್ ಅಂದರೆ ದನ ಹಿಡಿಯುವುದು. ಊರಳಿವು ಅಂದರೆ ಊರನ್ನೇ ಹಾಳು ಮಾಡುವುದು. ಇನ್ನೊಂದು ಪೆಣ್ಬುಯ್ಯಲ್, ಹೆಂಗಸರ ಹುಯ್ಯಲು, ಮೊರೆ. ಒಂದು ಕೃತ್ಯಕ್ಕೆ ಸಿದ್ಧ ಹೆಸರೇ ಇದೆ ಅಂದರೆ ಅದು ಅಪರೂಪದ್ದಾಗಿರಲಿಲ್ಲ ಅಂತ ಅಲ್ವಾ? ಕಲ್ಲು ಗಂಡಸಿನದು, ಕೆತ್ತಿದ್ದು ಅವನ ಸಾವು. ಕೂಗಿದವಳ ಹೆಸರು ಇರುವುದಿಲ್ಲ. ಆದರೆ ಕೂಗು ಇದೆ.

ಈಗ ಅಂಕಿಗೆ ಬರೋಣ. ಜಗಳ ಆಗುವುದೆಲ್ಲ ಅಲ್ಲೇ.

ದಾವಣಗೆರೆಯಿಂದ ಹುಬ್ಬಳ್ಳಿ ಕಡೆ ಹೆದ್ದಾರಿ ಹಿಡಿದು ಹೋದರೆ ಬಂಕಾಪುರದ ಸೀಮೆ ಬರುತ್ತದೆ. ಅಲ್ಲಿ ಹೊಟ್ಟೂರು ಅಂತ ಊರು. ಅಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಸತ್ಯಾಶ್ರಯನ ಕಾಲದ, ಸುಮಾರು 1007ನೇ ಇಸವಿಯ, ಶಾಸನ ಸಿಕ್ಕಿದೆ. ಚೋಳರು 9 ಲಕ್ಷ ದಂಡು ಕಟ್ಟಿಕೊಂಡು ಬಂದು ನಾಡನ್ನೆಲ್ಲ ದೋಚಿ, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದು, ಹೆಣ್ಣುಗಳನ್ನು ಹಿಡಿದು ಜಾತಿ ಕೆಡಿಸಿದರು ಅಂತ ಅದು ಹೇಳುತ್ತದೆ. ಅವರನ್ನು ಓಡಿಸಿದ ಸತ್ಯಾಶ್ರಯನಿಗೆ 'ತಿಗುಳಮಾರಿ', ಅಂದರೆ ತಮಿಳರ ಪಾಲಿನ ಮಾರಿ, ಅಂತ ಬಿರುದು. ಇದನ್ನು ಓದಿದಾಗ ನಮ್ಮ ಹುಡುಗರ ರಕ್ತ ಕುದಿಯುತ್ತದೆ. ನಾನು ಬೋರ್ಡಿನ ಮೇಲೆ ಲೆಕ್ಕ ಹಾಕಿಸುತ್ತೇನೆ. 9 ಲಕ್ಷ ಜನಕ್ಕೆ ದಿನಕ್ಕೆ ತಲಾ ಅರ್ಧ ಕಿಲೋ ಕಾಳು ಅಂದರೂ 450 ಟನ್. ನಮ್ಮ ಎಪಿಎಂಸಿ ಯಾರ್ಡಿಗೆ ಬರುವ ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ದಿನಕ್ಕೆ 45 ಲಾರಿ. ಎತ್ತು, ಕುದುರೆ, ಆನೆಯ ಮೇವು ಬೇರೆ. ಎತ್ತಿನ ಮೇಲೆ ಹೇರು ಹೊರಿಸುವ ಕಾಲದಲ್ಲಿ ಇದು ಆಗದ ಮಾತು. ಹಾಗಾಗಿ 9 ಲಕ್ಷ ಬಿಟ್ಟುಬಿಡಿ.

ಹಾಗಾದರೆ ಶಾಸನ ಪೂರಾ ಸುಳ್ಳಾ? ಇಲ್ಲಿ ಅವಸರ ಮಾಡಬಾರದು. ತಂಜಾವೂರಿನ ದೊಡ್ಡ ದೇವಸ್ಥಾನದ ಗೋಡೆ ಓದಿ. ಸತ್ಯಾಶ್ರಯನನ್ನು ಗೆದ್ದು ಬಂದು ದೇವರಿಗೆ ಚಿನ್ನದ ಹೂವು ಅರ್ಪಿಸಿದೆ ಅಂತ ರಾಜರಾಜ ಚೋಳನೇ ಕೆತ್ತಿಸಿದ್ದಾನೆ. ಹೊಟ್ಟೂರಿನವರಿಗೆ ಅದು ಲೂಟಿ, ತಂಜಾವೂರಿನವರಿಗೆ ಅದು ಹೂವು. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರೂ ದಂಡು ಬಂದದ್ದು ನಿಜ ಅನ್ನುತ್ತಾರೆ. ಹೆಂಗಸರು, ಮಕ್ಕಳನ್ನು ಕೊಂದ ಮಾತು ಮಾತ್ರ ಒಂದೇ ಕಡೆಯದು. ಅದರಲ್ಲೂ ಹೆಂಗಸು, ಮಗು, ಬ್ರಾಹ್ಮಣ ಅನ್ನುವುದು ಮಹಾಪಾಪದ ಸಿದ್ಧಪಟ್ಟಿಯ ಹಾಗಿದೆ. ಹಾಗಾಗಿ ನಾನು ಅದನ್ನು "ಶಾಸನ ಹೀಗೆ ದೂರುತ್ತದೆ" ಅಂತ ಬರೆಯುತ್ತೇನೆ. "ಹೀಗೆ ನಡೆಯಿತು" ಅಂತ ಬರೆಯುವುದಿಲ್ಲ. ಅಲ್ಲಗಳೆಯುವುದೂ ಇಲ್ಲ.

ಇಬ್ಬರು ಹೇಳಿದರೆ ನಿಜ ಅಂತ ಒಂದು ಸೂತ್ರ ಮಾಡಿಕೊಂಡುಬಿಟ್ಟೀರಿ, ಅದೂ ಕೈಕೊಡುತ್ತದೆ. ಟಿಪ್ಪು ಕೊಡಗಿನಿಂದ ಸೆರೆಹಿಡಿದು ಒಯ್ದವರ ಸಂಖ್ಯೆ ತಗೊಳ್ಳಿ. ಟಿಪ್ಪುವನ್ನು ಹೊಗಳಿ ಬರೆದ ಕಿರ್ಮಾನಿ 80,000 ಅನ್ನುತ್ತಾನೆ. ಟಿಪ್ಪುವಿನ ವೈರಿ ಪಕ್ಷದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ 70,000 ಅನ್ನುತ್ತಾನೆ. ಶತ್ರು, ಮಿತ್ರ ಇಬ್ಬರ ಅಂಕಿಯೂ ಹತ್ತಿರ ಇದೆ, ಆಯಿತಲ್ಲ ಅನಿಸುತ್ತದೆ. ಆದರೆ ಹೊಗಳುವವನಿಗೆ ದೊಡ್ಡ ಅಂಕಿ ಪರಾಕ್ರಮ, ತೆಗಳುವವನಿಗೆ ಅದೇ ಅಂಕಿ ಕ್ರೌರ್ಯ. ಇಬ್ಬರಿಗೂ ಲಾಭ ಒಂದೇ ದಿಕ್ಕಿನಲ್ಲಿದೆ. ಆ ಒಪ್ಪಿಗೆಗೆ ತೂಕ ಕಡಿಮೆ. ಸೆರೆ ಹಿಡಿದದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ಅಂಕಿಗೆ ಮಾತ್ರ ನಾನು ಸಹಿ ಹಾಕಲ್ಲ.

ಇದೇ ಟಿಪ್ಪು ಶೃಂಗೇರಿ ಮಠಕ್ಕೆ ಬರೆದ ಕನ್ನಡ ಪತ್ರಗಳೂ ಇವೆ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ದೋಚಿದ್ದು ನಮಗೆ ವಿವರವಾಗಿ ಗೊತ್ತಾದದ್ದು ಆ ಕಾಗದಗಳಿಂದ. ಅವುಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ತರಗತಿಯಲ್ಲಿ ಕೊಡಗು ಅಂದರೆ ಬಲಗಡೆಯ ಬೆಂಚು ಚಪ್ಪಾಳೆ ತಟ್ಟುತ್ತದೆ, ಶೃಂಗೇರಿ ಅಂದರೆ ಎಡಗಡೆಯದು. ಎರಡನ್ನೂ ಒಂದೇ ದಿನ ಹೇಳಿದರೆ ಯಾರೂ ತಟ್ಟಲ್ಲ. ನನಗೆ ಆ ದಿನ ಪಾಠ ಚೆನ್ನಾಯಿತು ಅನಿಸುತ್ತದೆ.

ಉತ್ಪ್ರೇಕ್ಷೆಯಿಂದ ಎಷ್ಟು ಹಾನಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಸಾಗರದ ಹತ್ತಿರ ಆನಂದಪುರ ಇದೆಯಲ್ಲ, 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಅಲ್ಲಿನ ಕೋಟೆ ಹಿಡಿಯಿತು. 400 ಹೆಂಗಸರನ್ನು ಬಯೋನೆಟ್ಟಿನಿಂದ ತಿವಿದು ಕೊಂದರು ಅಂತ ಒಬ್ಬ ಕಿರಿಯ ಅಧಿಕಾರಿಯ ಪತ್ರ ಲಂಡನ್ನಿನ ಒಂದು ವಾರ್ಷಿಕ ಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡ ಗಲಾಟೆ ಆಯಿತು. ಬೊಂಬಾಯಿ ಸೈನ್ಯದ ಅಧಿಕಾರಿಗಳು ಒಟ್ಟಾಗಿ ಪ್ರತಿಭಟಿಸಿದರು. ಪತ್ರಿಕೆ ಮಾತನ್ನು ಹಿಂತೆಗೆದುಕೊಂಡಿತು. ಈಗ ನಾವೇನು ಮಾಡಬೇಕು? ಬಣ್ಣ ಕಟ್ಟಿದ ಪತ್ರವನ್ನು ನಂಬುವುದು ಕಷ್ಟ. ಅಲ್ಲಗಳೆದವರೋ ಆರೋಪ ಹೊತ್ತವರೇ. ಒಂದು ಉತ್ಪ್ರೇಕ್ಷೆ ಒಳಗೆ ನುಗ್ಗಿದ್ದರಿಂದ ಅಲ್ಲಿ ನಿಜವಾಗಿ ಸತ್ತವರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಇದೇ ಆಟ ದೊಡ್ಡ ಮಟ್ಟದಲ್ಲಿ ಬೆಲ್ಜಿಯಮ್ಮಿನಲ್ಲಿ ನಡೆಯಿತು. 1914ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂ ಮತ್ತು ಫ್ರಾನ್ಸಿನಲ್ಲಿ ಸುಮಾರು 6,500 ಸಾಮಾನ್ಯ ಜನರನ್ನು ಕೊಂದಿತು. ಬ್ರಿಟಿಷರು 1915ರಲ್ಲಿ ವರದಿ ತಂದರು. ಅದರಲ್ಲಿ ನಿಜವೂ ಇತ್ತು, ಕೇಳಿದರೆ ಮೈ ಜುಮ್ಮೆನ್ನುವ ಆಧಾರವಿಲ್ಲದ ಕಥೆಗಳೂ ಇದ್ದವು. ಯುದ್ಧ ಮುಗಿದ ಮೇಲೆ ಕಥೆಗಳು ಸುಳ್ಳು ಅಂತ ಗೊತ್ತಾಯಿತು, ಜನ ಎಲ್ಲವೂ ಸುಳ್ಳು ಅಂದುಬಿಟ್ಟರು. ಎರಡನೇ ಯುದ್ಧದಲ್ಲಿ ಯಹೂದಿಗಳ ಕೊಲೆಯ ಸುದ್ದಿ ಬಂದಾಗ "ಹೋದ ಸಲವೂ ಹೀಗೇ ಹೇಳಿದ್ದರು" ಅಂದವರು ಎಷ್ಟೋ ಜನ. ಜಾನ್ ಹಾರ್ನ್, ಆಲನ್ ಕ್ರೇಮರ್ ಎಂಬ ಇತಿಹಾಸಕಾರರು ಜರ್ಮನ್ ಸೈನಿಕರ ದಿನಚರಿಗಳನ್ನೇ ಓದಿ 1914ರ ಲೆಕ್ಕ ಸರಿಯಾಗಿ ಕಟ್ಟುವ ಹೊತ್ತಿಗೆ 2001 ಆಗಿತ್ತು. ಅವರಿಗೆ ಇನ್ನೊಂದು ವಿಷಯವೂ ಸಿಕ್ಕಿತು. ಊರ ಜನ ಕದ್ದು ಗುಂಡು ಹಾರಿಸುತ್ತಿದ್ದಾರೆ ಅಂತ ಆ ಸೈನಿಕರು ನಿಜವಾಗಿಯೂ ನಂಬಿದ್ದರು. ಎಷ್ಟೋ ಕಡೆ ಅವರದೇ ಪಡೆಯವರು ಗಾಬರಿಯಲ್ಲಿ ಹಾರಿಸಿದ ಗುಂಡು ಅದು. ಯಾರು ಕೊಂದರು ಅನ್ನುವುದರ ಜೊತೆಗೆ ಯಾಕೆ ಕೊಂದರು ಅನ್ನುವುದಕ್ಕೂ ಉತ್ತರ ಬೇಕಲ್ಲ.

ಫೋಟೋ ಇದ್ದರೆ ಸಾಕು ಅಂತ ಮಕ್ಕಳು ವಾದಿಸುತ್ತಾರೆ. ಈಗಿನ ವಾಟ್ಸಾಪ್ ಕಾಲದ ಮಕ್ಕಳೇ ಹೀಗನ್ನುವುದು ಆಶ್ಚರ್ಯ. 1995ರಿಂದ ಜರ್ಮನಿಯಲ್ಲಿ ಎರಡನೇ ಮಹಾಯುದ್ಧದ ತಮ್ಮದೇ ಸೈನ್ಯದ ಅಪರಾಧಗಳ ಬಗ್ಗೆ ಒಂದು ಪ್ರದರ್ಶನ ಊರೂರು ಸುತ್ತಿತು. 1999ರಲ್ಲಿ ಕೆಲವು ಇತಿಹಾಸಕಾರರು ತಪ್ಪು ಹಿಡಿದರು. ಕೆಲವು ಚಿತ್ರದಲ್ಲಿದ್ದ ಹೆಣಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದು. ಪ್ರದರ್ಶನ ನಿಲ್ಲಿಸಿ ಸಮಿತಿ ಕೂರಿಸಿದರು. ಸುಮಾರು 1,400 ಚಿತ್ರಗಳಲ್ಲಿ ಸೇರಬಾರದಾಗಿದ್ದವು 20ಕ್ಕಿಂತ ಕಡಿಮೆ, ಮುಖ್ಯ ವಾದ ಸರಿಯಾಗೇ ಇದೆ ಅಂತ ಸಮಿತಿ ಹೇಳಿತು. 2001ರಲ್ಲಿ ತಿದ್ದಿ ಮತ್ತೆ ತೆರೆದರು. ಆದರೆ ಆ ಎರಡು ವರ್ಷ "ನೋಡಿ, ಎಲ್ಲ ಸುಳ್ಳು" ಅನ್ನುವವರಿಗೆ ಹಬ್ಬ.

ಮಣ್ಣು ಮಾತ್ರ ಅಷ್ಟು ಸುಲಭಕ್ಕೆ ಮಾತು ಬದಲಿಸಲ್ಲ. 1981ರ ಡಿಸೆಂಬರ್‌ನಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಸೈನ್ಯ ಎಲ್ ಮೊಸೊಟೆ ಎಂಬ ಹಳ್ಳಿಯವರನ್ನು ಕೊಂದಿತು. ಬದುಕಿ ಉಳಿದ ರುಫಿನಾ ಅಮಾಯಾ ಎಂಬ ಹೆಂಗಸು ನಡೆದದ್ದನ್ನು ಹೇಳಿದಳು. ಅಲ್ಲಿನ ಸರ್ಕಾರವೂ ಅದಕ್ಕೆ ಬೆನ್ನಾಗಿದ್ದ ಅಮೆರಿಕವೂ ನಂಬಲಿಲ್ಲ. 1992ರಲ್ಲಿ ಅರ್ಜೆಂಟೀನಾದ ತಜ್ಞರು ಚರ್ಚಿನ ಪಕ್ಕದ ಒಂದು ಸಣ್ಣ ಕಟ್ಟಡದ ಅವಶೇಷ ಅಗೆದರು. 143 ಜನರ ಎಲುಬು. ಅದರಲ್ಲಿ 131 ಮಕ್ಕಳು, 12 ವರ್ಷದ ಒಳಗಿನವರು. ಸಿಕ್ಕ ತೋಟೆಗಳ ಬುಡದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕಾರ್ಖಾನೆಯ ಗುರುತು. ಹೋರಾಟದಲ್ಲಿ ಸತ್ತ ಗೆರಿಲ್ಲಾಗಳು ಅಂತ ಇನ್ನು ಹೇಗೆ ಹೇಳುವುದು? ಹತ್ತು ವರ್ಷ ಸುಳ್ಳುಗಾತಿ ಅನ್ನಿಸಿಕೊಂಡ ಒಬ್ಬ ಹೆಂಗಸಿನ ಮಾತು ಕೊನೆಗೆ ಮಣ್ಣಿಗೆ ತಾಳೆಯಾಯಿತು.

ಸರಿ, ಆ ಹುಡುಗಿಯ ಪ್ರಶ್ನೆ. 20,000 ಬೇಡರನ್ನು ಯಾರು ಎಣಿಸಿದ್ದು?

ಆ ಅಂಕಿ ನಮಗೆ ಸಿಗುವುದು ಮಾರ್ಕ್ ವಿಲ್ಕ್ಸ್ ಬರಹದಲ್ಲಿ. ಮೇಲೆ ಕೊಡಗಿನ ವಿಷಯದಲ್ಲಿ ಬಂದನಲ್ಲ, ಅವನೇ. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಅವರ ಪ್ರತಿನಿಧಿ, ಆಗಿದ್ದವನು. ಅವನ ಪುಸ್ತಕದ ಮೊದಲ ಸಂಪುಟ ಬಂದದ್ದು 1810ರಲ್ಲಿ, ದುರ್ಗ ಬಿದ್ದು ಮೂವತ್ತು ವರ್ಷದ ಮೇಲೆ. ದುರ್ಗದ ಬೇಡರನ್ನು ಒಟ್ಟಿಗೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ 'ಚೇಲಾ' ಪಡೆಗೆ ಸೇರಿಸಿದರು ಅನ್ನುತ್ತಾನೆ. ಚೇಲಾ ಪಡೆ ಇದ್ದದ್ದು ನಿಜ. ಸಾಗಿಸಿದ್ದೂ ನಿಜ ಅಂತ ನಾನು ನಂಬುತ್ತೇನೆ. 20,000 ಅನ್ನುವುದು 'ಬಹಳ ಜನ' ಅನ್ನುವುದರ ಇನ್ನೊಂದು ಹೆಸರಾ ಅಂತ ಅನುಮಾನ. ಈಗ ತರಗತಿಯಲ್ಲಿ "ವಿಲ್ಕ್ಸ್ ಹೇಳುವ ಪ್ರಕಾರ" ಅಂತ ಸೇರಿಸುತ್ತೇನೆ. ಮೂರೇ ಪದ, ಆದರೆ ಹತ್ತು ವರ್ಷ ಅದನ್ನು ನುಂಗಿಕೊಂಡಿದ್ದೆ.

ನನಗೆ ಜಾಸ್ತಿ ಕಾಡುವುದು ಬೇರೆಯೇ. ಆ ಯುದ್ಧದ ನೆನಪು ನಮ್ಮಲ್ಲಿ ಒನಕೆ ಹಿಡಿದು ನಿಂತ ಓಬವ್ವನಾಗಿ ಉಳಿದಿದೆ. ಕಿಂಡಿಯ ಮುಂದೆ ಸೆಲ್ಫಿ ತೆಗೆಯಲು ಸಾಲು. ಊರು ಬಿಟ್ಟು ಸಾಲಾಗಿ ನಡೆದುಹೋದವರಿಗೆ ಒಂದು ಕಲ್ಲೂ ಇಲ್ಲ. ಗೈಡ್ ಕೂಡ ಹೇಳಲ್ಲ.

ಆ ಹುಡುಗಿ ಚಳ್ಳಕೆರೆ ಕಡೆಯವಳು, ನಾಯಕ ಸಮುದಾಯದವಳು, ಅಂದರೆ ಬೇಡರವಳೇ. "ಪಟ್ಣಕ್ಕೆ ಹೋದೋರು ಮತ್ತೆ ಬರ್ಲಿಲ್ಲ" ಅಂತ ಅವಳ ಅಜ್ಜಿ ಯಾರನ್ನೋ ಬೈಯುವಾಗ, ಕಾಯುವಾಗ ಅನ್ನುತ್ತಿದ್ದರಂತೆ. ಯಾವ ಪಟ್ಣ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಎಂ.ಎ. ಮಾಡುವಾಗ ಅದನ್ನೇ ಸಣ್ಣ ಪ್ರಬಂಧಕ್ಕೆ ತಗೊಂಡಳು. ಎಷ್ಟು ಜನ ಹೋದರು ಅಂತ ಕೇಳಬೇಡ, ಆ ಪ್ರಶ್ನೆಗೆ ನೆನಪು ಉತ್ತರ ಕೊಡಲ್ಲ ಅಂದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಹೋಗಿ ಮನೆದೇವರು ಯಾವುದು, ಬೆಡಗು (ಕುಲದ ಕವಲು) ಯಾವುದು, ಹಬ್ಬಕ್ಕೆ ಯಾವ ದಿಕ್ಕಿಗೆ ಎಡೆ ಇಡುತ್ತೀರಿ ಅಂತ ಕೇಳು ಅಂದೆ. ಸೈನ್ಯ ಜನರನ್ನು ಕಿತ್ತು ಬೇರೆ ಕಡೆ ನೆಡಬಹುದು, ಮನೆದೇವರನ್ನು ಬದಲಿಸುವುದು ಅಷ್ಟು ಸಲೀಸಲ್ಲ.

ಬೇಸಿಗೆಯಲ್ಲಿ ಹನ್ನೊಂದು ಮನೆ ಸುತ್ತಿದಳು. ಎಂಟು ಮನೆಯವರು ನಾವು ಮೊದಲಿಂದ ಇಲ್ಲಿಯವರೇ ಅಂದರು. ಎರಡು ಮನೆಯವರು ದುರ್ಗದ ಕಡೆಯ ದೇವರು ಹೇಳಿದರು, ಯಾವಾಗ ಬಂದೆವೋ ಗೊತ್ತಿಲ್ಲ ಅಂದರು. ಇನ್ನೊಂದು ಮನೆಯ ಯಜಮಾನರು ಒಳಗೆ ಕರೆದು ಮಜ್ಜಿಗೆ ಕೊಟ್ಟು, ಈ ವಿಷಯ ಮಾತ್ರ ಬೇಡ ತಾಯಿ ಅಂದರಂತೆ. ಮೂರನ್ನೂ ಹಾಗಾಗೇ ಬರೆದುಕೋ, ಒಂದಕ್ಕೊಂದು ಸೇರಿಸಬೇಡ ಅಂದೆ. ದಸರಾ ರಜೆಗೆ ಮತ್ತೆ ಹೋಗಬೇಕು ಅಂತಿದ್ದಾಳೆ.